ಒಂಬತ್ತನೇ ಹಾಳೆಯ ಹಿಂಬದಿ

ದೊಡ್ಡವರ ಬಂಗಲೆ ನೋಡಲು ಬಂದ ಶಾಲೆ ಮಕ್ಕಳು ಅವಳಿಗೆ ಇಟ್ಟ ಹೆಸರು ಉಶ್ಶಕ್ಕ. ಊಟದ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಮರದ ಸ್ಟೂಲು. ಅದರ ಮೇಲೆ ಕೂತು, ಯಾರಾದರೂ ಜೋರಾಗಿ ಬಾಯಿ ತೆರೆದರೆ ಸಾಕು, ಬೆರಳನ್ನು ತುಟಿಗೆ ಅಡ್ಡ ಇಟ್ಟು ‘ಉಶ್’ ಅನ್ನುವುದು ಅವಳ ಕೆಲಸ. ಮೊದಲು ಮಕ್ಕಳು ಹಾಗೆ ಕರೆದರು, ಆಮೇಲೆ ಹುಲ್ಲು ಕತ್ತರಿಸುವವರು, ಟಿಕೆಟ್ ಹರಿಯುವವರು. ಕೊನೆಕೊನೆಗೆ ಹಾಜರಿ ಹಾಕುವಾಗ ನಿಜವಾದ ಹೆಸರು ಕೂಗಿದರೆ ಅವಳೇ ಯಾರದಪ್ಪಾ ಅಂತ ಹಿಂದೆ ತಿರುಗಿ ನೋಡುವ ಹಾಗಾಯಿತು.

ದೊಡ್ಡವರು ಅಂದರೆ ಒಂದು ಕಾಲಕ್ಕೆ ಇಡೀ ನಾಡನ್ನು ಕೈಹಿಡಿದು ನಡೆಸಿದ ನಾಯಕರು. ಅವರು ತೀರಿಕೊಂಡು ಎರಡು ತಲೆಮಾರು ಕಳೆದಿತ್ತು. ಅವರ ಬಂಗಲೆ, ಸುತ್ತಲಿನ ತೋಟ, ಕುದುರೆ ಲಾಯ, ಅವರು ಕೂತು ಬರೆಯುತ್ತಿದ್ದ ಕಿಟಕಿ, ಎಲ್ಲವೂ ಈಗ ಜನ ಸಾಲಾಗಿ ಬಂದು ನೋಡಿ ಹೋಗುವ ಜಾಗ. ಊಟದ ಕೋಣೆಯಲ್ಲಿ ಇಪ್ಪತ್ತನಾಲ್ಕು ಜನ ಕೂರುವ ಉದ್ದ ಮೇಜು. ಅದರ ಮೇಲೆ ಇಪ್ಪತ್ತನಾಲ್ಕು ತಟ್ಟೆ, ಇಪ್ಪತ್ತನಾಲ್ಕು ಗಾಜಿನ ಲೋಟ, ಇಗೋ ಈಗ ಅತಿಥಿಗಳು ಬಂದುಬಿಡುತ್ತಾರೆ ಅನ್ನುವ ಹಾಗೆ ಜೋಡಿಸಿದ್ದು. ಬರುವ ಅತಿಥಿಗಳು ಯಾರೂ ಇರಲಿಲ್ಲ ಅನ್ನಿ. ಆದರೂ ಬಂಗಲೆಗೆ ರಜೆಯಿರುವ ಪ್ರತಿ ಸೋಮವಾರ ಉಶ್ಶಕ್ಕ ಅವನ್ನು ಒಂದೊಂದಾಗಿ ಎತ್ತಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಇದ್ದಲ್ಲೇ ಇಡುತ್ತಿದ್ದಳು. ಆ ಲೋಟಗಳು ಎಷ್ಟು ತೆಳು ಅಂದರೆ ಪಕ್ಕದಲ್ಲಿ ಯಾರಾದರೂ ಸೀನಿದರೂ ಸಣ್ಣಗೆ ಝಣ್ ಅನ್ನುತ್ತಿದ್ದವು. ಇಪ್ಪತ್ತೈದು ವರ್ಷದಲ್ಲಿ ಅವಳ ಕೈಯಲ್ಲಿ ಒಂದೂ ಒಡೆಯಲಿಲ್ಲ. ಒಡೆದದ್ದು ಬೇರೆ.

ಅದೇ ಕೋಣೆಯ ಬಾಗಿಲ ಹತ್ತಿರ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ದೊಡ್ಡವರ ಕೈಬರಹದ ಪುಸ್ತಕ. ಹದಿನೇಳನೇ ವಯಸ್ಸಿನಲ್ಲಿ, ಮೊದಲ ಸಲ ದೊಡ್ಡ ಜನರ ಪಂಕ್ತಿಯಲ್ಲಿ ಕೂರುವುದಕ್ಕೆ ಮುಂಚೆ, ಮಾನ ಕಳೆದುಕೊಳ್ಳಬಾರದು ಅಂತ ತಮಗೆ ತಾವೇ ಬರೆದುಕೊಂಡ ನಡತೆಯ ಪಾಠಗಳು. ಒಟ್ಟು ಹದಿನಾಲ್ಕು ಹಾಳೆ. ಒಂದೇ ಪುಟ ಸದಾ ಬೆಳಕಿಗೆ ಬಿದ್ದರೆ ಶಾಯಿ ಸತ್ತುಹೋಗುತ್ತದೆ ಅಂತ ವರ್ಷಕ್ಕೊಂದೇ ಸಲ ಹಾಳೆ ಮಗುಚುವ ಪದ್ಧತಿ. ವರ್ಷದ ಮೊದಲ ಸೋಮವಾರ ಬಂಗಲೆಯ ಮೇಲ್ವಿಚಾರಕರು ಬಿಳಿ ಕೈಗವಸು ತೊಟ್ಟು, ಪೆಟ್ಟಿಗೆಯ ಬೀಗ ತೆಗೆದು, ಮಲಗಿರುವ ಮಗುವಿನ ಮಗ್ಗುಲು ಬದಲಿಸುವ ಹಾಗೆ ಹಾಳೆ ಮಗುಚುತ್ತಿದ್ದರು. ಕಾಣಿಸುತ್ತಿದ್ದದ್ದು ಬಲಗಡೆಯ ಪುಟ ಮಾತ್ರ. ಎಡಗಡೆ, ಅಂದರೆ ಹಿಂದಿನ ಹಾಳೆಯ ಬೆನ್ನಿನ ಮೇಲೆ, ಒಂದು ದಪ್ಪ ರಟ್ಟು ಮುಚ್ಚಿಟ್ಟಿದ್ದರು. ರಟ್ಟಿನ ಮೇಲೆ ‘ಇದು ದೊಡ್ಡವರ ಸ್ವಂತ ಕೈಬರಹ. ಗಾಜು ಮುಟ್ಟಬೇಡಿ’ ಅಂತ ದಪ್ಪ ಅಕ್ಷರ.

ಉಶ್ಶಕ್ಕ ಓದಿದ್ದು ನಾಲ್ಕನೇ ಕ್ಲಾಸು. ಹಳೆಯ ಕಾಲದ ಮೋಡಿ ಅಕ್ಷರ ಅವಳಿಗೆ ಬಿಡಿಸಲು ಬರುತ್ತಿರಲಿಲ್ಲ. ಆದರೆ ಕಿವಿ ಚುರುಕು. ಮಗುಚುವ ದಿನ ಮೇಲ್ವಿಚಾರಕರು ಕೆಲಸದವರನ್ನೆಲ್ಲ ನಿಲ್ಲಿಸಿಕೊಂಡು ಹೊಸ ಪುಟವನ್ನು ಒಮ್ಮೆ ಗಟ್ಟಿಯಾಗಿ ಓದುತ್ತಿದ್ದರು. ಒಮ್ಮೆ ಕೇಳಿದರೆ ಅವಳಿಗೆ ಸಾಕು. ಸಂಜೆ ಮನೆ ಮುಟ್ಟುವಷ್ಟರಲ್ಲಿ ಇಡೀ ಪುಟ ಬಾಯಿಪಾಠ.

ಬಾಯಿಪಾಠ ಮಾಡಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆ ವರ್ಷವೆಲ್ಲ ಮನೆಯವರಿಗೆ ಅದೇ ಪುಟದ ಪಾಠ. ಮೊದಲ ವರ್ಷ ‘ಅಗಿಯುವಾಗ ತುಟಿ ಕೂಡಿರಬೇಕು’ ಅಂತ ಬಂತು. ಎರಡನೇ ವರ್ಷ ಕೂತಾಗ ಕಾಲು ಕುಣಿಸಬಾರದು. ಮೂರನೇ ವರ್ಷ ಬಿಸಿಯಾದದ್ದನ್ನು ಊದಿ ಕುಡಿಯಬಾರದು.

ಅವಳ ಗಂಡ ಬೀಗ ರಿಪೇರಿ ಮಾಡುವವನು. ರಸ್ತೆ ತಿರುವಿನಲ್ಲಿ ಅವನ ಪುಟ್ಟ ಅಂಗಡಿ, ಬಾಗಿಲ ಮೇಲೆ ಆಳೆತ್ತರದ ಮರದ ಬೀಗದಕೈ. ಮಾತು ಕಮ್ಮಿ, ಆದರೆ ಆಡಿದ್ದು ನಾಟುತ್ತಿತ್ತು.

"ಬಿಸಿ ಟೀ ಕುಡಿದು ವರ್ಷ ಆಯ್ತು ಕಣೇ," ಅನ್ನುತ್ತಿದ್ದ ಲೋಟದ ಮುಂದೆ ಕೂತು. "ದೊಡ್ಡವರಿಗೇನು, ಆರೋ ತನಕ ಕಾಯೋಕೆ ಪುರುಸೊತ್ತಿತ್ತು. ನನ್ನ ಅಂಗಡಿ ಮುಂದೆ ಬೀಗ ಕಳಕೊಂಡೋನು ನಿಂತಿದ್ದಾನೆ."

ಮಗಳು ಅವನಿಗಿಂತ ಒಂದು ಕೈ ಮೇಲು. "ಅಮ್ಮಾ, ಈ ವರ್ಷದ ಪುಟದಲ್ಲಿ ಆಕಳಿಸೋದಕ್ಕೆ ಅವಕಾಶ ಉಂಟಾ, ಇಲ್ಲ ಮುಂದಿನ ವರ್ಷದ ತನಕ ತಡಕೋಬೇಕಾ?"

"ನಗಿ, ನಗಿ," ಅನ್ನುತ್ತಿದ್ದಳು ಉಶ್ಶಕ್ಕ. "ನಾಲ್ಕು ಜನರ ಮಧ್ಯೆ ಕೂತಾಗ ಗೊತ್ತಾಗತ್ತೆ."

ಅವಳನ್ನೂ ಬಯ್ಯುವ ಹಾಗಿಲ್ಲ. ಅವಳು ಹುಟ್ಟಿ ಬೆಳೆದದ್ದು ಮಿಲ್ಲಿನ ಕಾಂಪೌಂಡಿಗೆ ಅಂಟಿದ ಸಾಲುಮನೆಯಲ್ಲಿ. ಅಲ್ಲಿ ನಾಲ್ಕು ಜನರ ಮಧ್ಯೆ ಅನ್ನುವ ಮಾತೇ ಇಲ್ಲ, ಯಾವಾಗಲೂ ನಲವತ್ತು ಜನ. ಅಪ್ಪ ಹೋದಾಗ ಅವಳಿಗೆ ನಾಲ್ಕು ವರ್ಷ, ಅಣ್ಣನಿಗೆ ಹದಿನಾಲ್ಕು. ಅಮ್ಮ ಹಾಸಿಗೆ ಹಿಡಿದಿದ್ದಳು. ಅಣ್ಣ ಸ್ಲೇಟು ಕೆಳಗಿಟ್ಟು ಮಗ್ಗದ ಶೆಡ್ಡಿಗೆ ಹೋದ. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡು. ಒಳಗೆ ಹೋದರೆ ಎದೆಯ ಗೂಡೇ ಅದುರುತ್ತಿತ್ತು. ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಅದಕ್ಕೆ ಮಗ್ಗದವರು ಒಬ್ಬರ ತುಟಿ ಇನ್ನೊಬ್ಬರು ಓದುತ್ತಿದ್ದರು, ದೂರದವರ ಜೊತೆ ಕೈಯಲ್ಲೇ ಮಾತಾಡುತ್ತಿದ್ದರು. ಮಧ್ಯಾಹ್ನ ಅಣ್ಣನಿಗೆ ಬುತ್ತಿ ಕೊಡಲು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ ಉಶ್ಶಕ್ಕನಿಗೆ ಆ ಕೈಮಾತು ಅಕ್ಷರಕ್ಕಿಂತ ಮೊದಲು ಬಂತು. ಎರಡು ತೋರುಬೆರಳು ಕೂಡಿಸಿ ಫಟ್ಟನೆ ಬೇರೆ ಮಾಡಿದರೆ ನೂಲು ಕಡಿಯಿತು ಅಂತ. ಅಂಗಿಯ ಕಾಲರ್ ಮುಟ್ಟಿಕೊಂಡರೆ ಮೇಸ್ತ್ರಿ ಬರುತ್ತಿದ್ದಾನೆ, ಎಲ್ಲರೂ ಸುಮ್ಮನಾಗಿ ಅಂತ. ಎರಡು ಅಂಗೈಯನ್ನು ಒಂದರ ಮೇಲೊಂದು ಮುಂದಕ್ಕೆ ಉರುಳಿಸಿದರೆ, ಆ ತಪ್ಪು ಆಗಲೇ ನೇಯ್ದು ಬಟ್ಟೆಯೊಳಗೆ ಹೋಯಿತು, ಬಿಚ್ಚಿ ಉಪಯೋಗವಿಲ್ಲ, ಸುತ್ತಿಕೊಂಡು ಮುಂದೆ ಹೋಗು ಅಂತ.

ಶೆಡ್ಡಿನಿಂದ ಹೊರಗೆ ಬಂದರೂ ಅಣ್ಣನ ಕಿವಿಯಲ್ಲಿ ಮಗ್ಗ ನಿಲ್ಲುತ್ತಿರಲಿಲ್ಲ. ಕಿವಿ ಮಂದವಾದಷ್ಟೂ ದನಿ ಏರಿತು. ಅವನು ಬೀದಿಯ ಆ ತುದಿಯಲ್ಲಿ "ಗುಬ್ಬೀ!" ಅಂತ ಕರೆದರೆ ಈ ತುದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಗುಬ್ಬಿ ಅಂದರೆ ಇವಳೇ. ಚಿಕ್ಕವಳಿದ್ದಾಗ ಜಾರಿ ನಾಲೆಗೆ ಬಿದ್ದಾಗ ಆ ದನಿ ಕೇಳಿಯೇ ಅವಳು ದಡದ ಕಡೆ ಕೈ ಬಡಿದದ್ದು. ಶಾಲೆ, ಮದುವೆ, ಬಾಣಂತನ, ಎಲ್ಲ ಆ ದನಿಯ ನೆರಳಿನಲ್ಲೇ ಆಯಿತು. ಬಂಗಲೆಯ ಕೆಲಸಕ್ಕೂ ಅವನೇ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು, ಗೇಟಿನಲ್ಲಿ ನಿಂತು, "ನಮ್ಮ ಹುಡುಗಿ ಕೈ ಬಹಳ ಹಗುರ ಸಾರ್, ಏನೂ ಒಡೆಯಲ್ಲ!" ಅಂತ ಕೂಗಿ ಕೊಡಿಸಿದ್ದ.

ಅವಳು ಕೆಲಸಕ್ಕೆ ಸೇರಿದ ಒಂಬತ್ತನೇ ವರ್ಷ ಒಂಬತ್ತನೇ ಹಾಳೆ ಬಂತು. ‘ಹತ್ತು ಜನರಿರುವಲ್ಲಿ ದನಿ ಎತ್ತಬಾರದು. ದನಿ ಏರಿದಷ್ಟೂ ಮನುಷ್ಯ ಇಳಿಯುತ್ತಾನೆ.’

ಆ ಸಾಲು ಕೇಳಿದಾಗ ಅವಳಿಗೆ ನೆನಪಾದದ್ದು ಅಣ್ಣನೇ. ಅಯ್ಯೋ, ಇದನ್ನು ದೊಡ್ಡವರು ನಮ್ಮಣ್ಣನನ್ನು ನೋಡಿಯೇ ಬರೆದ ಹಾಗಿದೆಯಲ್ಲ ಅಂದುಕೊಂಡಳು. ಆದರೆ ಮನೆಯಲ್ಲಿ ಗಂಡನಿಗೆ, ಮಗಳಿಗೆ ಹೇಳಿದಷ್ಟು ಸಲೀಸಾಗಿ ಅಣ್ಣನಿಗೆ ಹೇಳಲು ನಾಲಿಗೆ ಏಳಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಅದೇ ವರ್ಷ ಒಂದು ಮಧ್ಯಾಹ್ನ ಅಣ್ಣ ಬಂಗಲೆ ನೋಡಲು ಬಂದ. ಬಾ ಬಾ ಅಂತ ವರ್ಷಗಟ್ಟಲೆ ಕರೆದವಳು ಅವಳೇ. ಇವತ್ತೇ ಬರುತ್ತೇನೆ ಅಂತ ಅವನು ಹೇಳಿರಲಿಲ್ಲ. ಮಿಲ್ಲಿಗೆ ರಜೆ ಸಿಕ್ಕಿತ್ತು. ಜೊತೆಗೆ ಮೂವರು ಮಗ್ಗದವರು, ನಾಲ್ವರೂ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿ, ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ಚಪ್ಪಲಿ ಒರೆಸಿ ಒಳಗೆ ಬಂದರು. ಆ ಹೊತ್ತಿಗೆ ಊಟದ ಕೋಣೆಯಲ್ಲಿ ಮೇಲ್ವಿಚಾರಕರು ಹತ್ತು ಹನ್ನೆರಡು ಮಂದಿ ಗಣ್ಯರಿಗೆ ಮೇಜು ತೋರಿಸುತ್ತಿದ್ದರು. ಉಶ್ಶಕ್ಕ ಬಿಳಿ ಕೋಟು, ಎದೆಗೆ ಬಿಲ್ಲೆ, ಕೈಯಲ್ಲಿ ಬೀಗದಕೈ ಗೊಂಚಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ಅಣ್ಣ ಅವಳನ್ನು ಆ ವೇಷದಲ್ಲಿ ಯಾವತ್ತೂ ನೋಡಿರಲಿಲ್ಲ. ಬಾಗಿಲಲ್ಲಿ ನಿಂತವನ ಮುಖ ದೀಪ ಹಚ್ಚಿದ ಹಾಗಾಯಿತು.

"ಗುಬ್ಬೀ!" ಅಂದ. ಶೆಡ್ಡಿನ ದನಿ. "ನೋಡ್ರಪ್ಪಾ, ಇವಳೇ ನಮ್ಮ ಗುಬ್ಬಿ! ದೊಡ್ಡವರ ಮನೆ ಬೀಗದಕೈಯೆಲ್ಲ ಇವಳ ಕೈಲೇ ಇರೋದು! ನಾನು ಎತ್ತಿ ಆಡಿಸಿದ ಹುಡುಗಿ!"

ಮೇಜಿನ ಮೇಲೆ ಇಪ್ಪತ್ತನಾಲ್ಕು ಲೋಟವೂ ಝಣ್ ಅಂದವು. ಗಣ್ಯರು ತಿರುಗಿ ನೋಡಿದರು. ಒಬ್ಬಾಕೆ ಕಿವಿ ಮುಟ್ಟಿಕೊಂಡು ನಕ್ಕಳು. ಉಶ್ಶಕ್ಕ ಬೆರಳು ತುಟಿಗಿಟ್ಟಳು. ಅಣ್ಣ ಅದನ್ನು ತಮಾಷೆ ಅಂದುಕೊಂಡ.

"ಅಯ್ಯ, ನಂಗೇ ಉಶ್ ಅಂತೀಯಾ!" ಅಂತ ಇನ್ನೂ ಜೋರಾಗಿ ನಕ್ಕ. "ತಟ್ಟೆ ಎಲ್ಲ ನೀನೇ ಒರೆಸೋದಾ? ಭೇಷ್!"

ಅವಳು ಗಣ್ಯರ ಕಡೆ ನೋಡಿದಳು. ಹತ್ತಿರ ಹೋಗಿ ಎರಡು ಮಾತು ಪಿಸುಗುಟ್ಟಿ, ತೋಟದ ಕಡೆ ಕರೆದುಕೊಂಡು ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಅವನ ಮೊಣಕೈ ಹಿಡಿದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಗಾಜಿನ ಮೇಲಿಂದಲೇ ಪುಟಕ್ಕೆ ಬೆರಳು ತೋರಿಸಿ, ಅವನಿಗೆ ಕೇಳಿಸಲಿ ಅಂತ ಬಿಡಿಬಿಡಿಯಾಗಿ, ಗಟ್ಟಿಯಾಗಿ ಹೇಳಿದಳು.

"ಹತ್ತು ಜನರಿರುವಲ್ಲಿ ದನಿ ಎತ್ತಬಾರದು. ದನಿ ಏರಿದಷ್ಟೂ ಮನುಷ್ಯ ಇಳಿಯುತ್ತಾನೆ. ದೊಡ್ಡವರು ಬರೆದಿದ್ದಾರೆ. ಇದು ಮಗ್ಗದ ಶೆಡ್ಡಲ್ಲ."

ಗಣ್ಯರ ಕಡೆಯಿಂದ ಒಂದು ನಗೆ ಎದ್ದಿತು. ಯಾರೋ "ಸರಿಯಾಗಿ ಹೇಳಿದಳು" ಅಂದರು. ಆ ಮಾತು ಅವಳಿಗೆ ತುಪ್ಪದಂತೆ ಇಳಿಯಿತು, ಸುಳ್ಳು ಹೇಳಬಾರದು.

ಅಣ್ಣ ಅವಳ ತುಟಿಯನ್ನೇ ನೋಡುತ್ತಿದ್ದ. ಒಂದಕ್ಷರವೂ ತಪ್ಪಿರಲಾರದು. "ಹೌದಾ?" ಅಂದ. ಅಷ್ಟೇ. ಜನ ದಾಟದ ಹಾಗೆ ಅಡ್ಡ ಕಟ್ಟಿದ್ದ ಹಗ್ಗದ ಮೇಲಿಟ್ಟಿದ್ದ ಕೈ ಹಿಂದಕ್ಕೆ ತೆಗೆದ. ಜೊತೆಗಾರರ ಕಡೆ ತಿರುಗಿ ತನ್ನ ಅಂಗಿಯ ಕಾಲರ್ ಮುಟ್ಟಿಕೊಂಡ. ನಾಲ್ವರೂ ತುದಿಗಾಲಲ್ಲಿ, ಹಾಸಿದ ಜಮಖಾನ ನೋಯದ ಹಾಗೆ ನಡೆದು, ಹೊರಗೆ ಹೋದರು.

ಕಾಲರ್ ಮುಟ್ಟಿದ್ದನ್ನು ಅವಳು ಕಂಡಳು. ಅರ್ಥವೂ ಗೊತ್ತಿತ್ತು. ಮೇಲ್ವಿಚಾರಕರನ್ನು ತೋರಿಸಿ ಮೇಸ್ತ್ರಿ ಇದ್ದಾನೆ ಅಂದ, ಪಾಪ, ಅಂದುಕೊಂಡಳು.

ಅಲ್ಲಿಂದ ಮುಂದೆ ಅಣ್ಣ ಬದಲಾದ. ಬರುವುದು ಹೋಗುವುದು ನಿಲ್ಲಿಸಲಿಲ್ಲ. ಅವನು ಮುನಿಸಿಕೊಳ್ಳುವ ಜಾತಿಯಲ್ಲ. ಮೊದಲಿನ ಹಾಗೇ ಬರುತ್ತಿದ್ದ, ಮೂಲೆಯ ಕುರ್ಚಿಯಲ್ಲಿ ಕಾಲು ಕೂಡಿಸಿ ಕೂರುತ್ತಿದ್ದ. ಮಾತು ಮಾತ್ರ ಎಲ್ಲ ಕೈಯಲ್ಲಿ. ಊಟ ಆಯ್ತಾ ಅಂದರೆ ತಲೆ ಆಡಿಸುವುದು. ಚೆನ್ನಾಗಿದ್ದೀಯಾ ಅಂದರೆ ಅಂಗೈ ತೋರಿಸಿ ನಗುವುದು. ಟೀ ಊದಿ ಕುಡಿಯುತ್ತಲೂ ಇರಲಿಲ್ಲ.

ಉಶ್ಶಕ್ಕನಿಗೆ ಇದು ಹೆಮ್ಮೆ ಅನ್ನಿಸಿತು. ನಾನು ಒಂದೇ ಒಂದು ಮಾತು ಹೇಳಿದೆ, ನಮ್ಮಣ್ಣ ಹೇಗೆ ತಿದ್ದಿಕೊಂಡ ನೋಡಿ ಅಂತ ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗಿದಳು. ಮಗಳ ಮದುವೆಯ ದಿನ ಬೀಗರು ಬಂದು, "ನಿಮ್ಮಣ್ಣನೋರು ಬಹಳ ಗಂಭೀರ" ಅಂದಾಗ ಎದೆಯುಬ್ಬಿಸಿ ಅದನ್ನೇ ಗಂಡನ ಕಿವಿಯಲ್ಲಿ ಹೇಳಿದಳು.

ಬೀಗದವನು, ಅಂದರೆ ಅವಳ ಗಂಡ, ಮೂಲೆಯಲ್ಲಿ ಕೈಕಟ್ಟಿ ಕೂತ ಭಾವಮೈದುನನನ್ನು ಸ್ವಲ್ಪ ಹೊತ್ತು ನೋಡಿದ. ಹಿಂದೆಯಾಗಿದ್ದರೆ ಬಂದವರನ್ನೆಲ್ಲ ಕೂಗಿ ಕರೆದು ಕೂರಿಸುವುದೇ ಅವನ ಕೆಲಸವಾಗಿರುತ್ತಿತ್ತು.

"ಗಂಭೀರ ಅಲ್ಲ ಕಣೇ ಅದು," ಅಂದ. "ಬೀಗ. ಹೊರಗಿನಿಂದ ಹಾಕಿರೋದು."

"ನಿಮಗೆ ಕಂಡದ್ದೆಲ್ಲ ಬೀಗವೇ," ಅಂತ ಅವಳು ಸೆರಗು ಸರಿಮಾಡಿಕೊಂಡು ಆ ಕಡೆ ಹೋದಳು.

ವರ್ಷಗಳು ಹೀಗೇ ಹೋದವು. ಹದಿನಾಲ್ಕೂ ಹಾಳೆಯ ಮುಂಬದಿ ಮುಗಿಯಿತು. ಹಳೆಯ ಮೇಲ್ವಿಚಾರಕರು ನಿವೃತ್ತಿಯಾಗಿ, ಅವರ ಜಾಗಕ್ಕೆ ಕನ್ನಡಕದ ಹೊಸ ಹುಡುಗಿ ಬಂದಳು. ಮುಂಬದಿಗಳು ಬೆಳಕು ಕಂಡದ್ದು ಸಾಕು, ಇನ್ನು ಹದಿನಾಲ್ಕು ವರ್ಷ ಹಿಂಬದಿಗಳನ್ನು ತೋರಿಸೋಣ ಅಂತ ಅವಳು ರಟ್ಟನ್ನು ಎಡದಿಂದ ಬಲಕ್ಕೆ ಸರಿಸಿದಳು. ಮೊದಲ ಹಾಳೆಯ ಬೆನ್ನು, ಎರಡನೆಯದರ ಬೆನ್ನು, ವರ್ಷಕ್ಕೊಂದು. ಹಿಂಬದಿ ಬರುತ್ತಿದ್ದಂತೆ ಪಾಠದ ಧಾಟಿಯೇ ಬೇರೆ ಅನ್ನಿಸತೊಡಗಿತು. ಮುಂಬದಿಯಲ್ಲಿ ಊದಿ ಕುಡಿಯಬಾರದು ಅಂತ ಇದ್ದರೆ ಹಿಂಬದಿಯಲ್ಲಿ, ‘ಅತಿಥಿಗೆ ಕುದಿಯುವಂಥದ್ದನ್ನು ಕೊಟ್ಟು ಅವನ ಶಿಷ್ಟಾಚಾರ ಪರೀಕ್ಷೆ ಮಾಡಬಾರದು’ ಅಂತ. ಬೀಗದವನಿಗೆ ಅದನ್ನು ಹೇಳಿದಾಗ ಅವನಿಗೆ ನಕ್ಕೂ ನಕ್ಕೂ ಕೆಮ್ಮು ಬಂತು. ಅವಳೂ ನಕ್ಕಳು. ಮುಂದೆ ಏನು ಬರಲಿದೆ ಅಂತ ಯೋಚಿಸಲಿಲ್ಲ. ಯೋಚಿಸಿದ್ದರೆ ಲೆಕ್ಕ ಸುಲಭವಿತ್ತು.

ಅಣ್ಣನಿಗೆ ಅರವತ್ತು ದಾಟಿ, ಅವನು ಮಿಲ್ಲು ಬಿಟ್ಟು ಮೂರು ವರ್ಷವಾಗಿದ್ದಾಗ, ಅವಳ ಇಪ್ಪತ್ತಮೂರನೇ ವರ್ಷದಲ್ಲಿ, ಒಂಬತ್ತನೇ ಹಾಳೆಯ ಹಿಂಬದಿ ಬಂತು. ಮೇಲ್ವಿಚಾರಕಿ ಕೈಗವಸು ತೊಟ್ಟು, ಹಾಳೆ ಮಗುಚಿ, ಓದಿದಳು.

‘ಹಾಗೆ ದನಿ ಎತ್ತಿದವನನ್ನು ಹತ್ತು ಜನರ ಎದುರಿಗೆ ತಿದ್ದಬಾರದು. ಅವನದು ಅರಿಯದೆ ಆದ ತಪ್ಪು. ತಿದ್ದುವವನದು ಅರಿತು ಮಾಡಿದ ತಪ್ಪು. ಅವನು ಸುಮ್ಮನಾದರೆ ಕಲಿತನೆಂದು ತಿಳಿಯಬೇಡ, ನೊಂದನೆಂದು ತಿಳಿ.’

ಉಳಿದವರು ಕೈಕಟ್ಟಿ ಕೇಳಿ ತಮ್ಮತಮ್ಮ ಕೆಲಸಕ್ಕೆ ಹೋದರು. ಉಶ್ಶಕ್ಕ ಬಟ್ಟೆ ಹಿಡಿದವಳು ಹಿಡಿದ ಹಾಗೇ ನಿಂತಿದ್ದಳು. ಕಣ್ಣ ಮುಂದೆ ಅಣ್ಣನ ಬೆರಳು ಕಾಲರ್ ಮುಟ್ಟಿತು. ಮೇಸ್ತ್ರಿ ಅಂದದ್ದು ಮೇಲ್ವಿಚಾರಕರನ್ನಲ್ಲ. ಅವಳನ್ನು.

"ಏನಾಯ್ತಮ್ಮಾ?" ಅಂದಳು ಮೇಲ್ವಿಚಾರಕಿ.

"ಈ ಬೆನ್ನಿನ ಕಡೇದು... ಇದು ಮೊದಲೇ ಯಾರಿಗಾದರೂ ಗೊತ್ತಿತ್ತಾ ಮೇಡಂ?"

"ಯಾಕೆ ಗೊತ್ತಿರಲ್ಲ? ಪೂರ್ತಿ ಪುಸ್ತಕ ಟೈಪ್ ಮಾಡಿ ಆಫೀಸಿನ ಬೀರುವಿನಲ್ಲಿ ಇಟ್ಟಿದ್ದಾರೆ. ನಲವತ್ತು ವರ್ಷದಿಂದ ಇದೆ. ಕೇಳಿದ್ರೆ ಯಾರಾದರೂ ಓದಿ ಹೇಳ್ತಿದ್ರಲ್ಲ."

ಆ ಬೀರುವಿನ ಧೂಳನ್ನು ವಾರಕ್ಕೊಮ್ಮೆ ಒರೆಸುತ್ತಿದ್ದವಳು ಉಶ್ಶಕ್ಕನೇ. ಅದರ ಬೀಗದಕೈಯೂ ಅವಳ ಗೊಂಚಲಲ್ಲೇ ಇತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆವತ್ತು ಅವಳು ತಟ್ಟೆ ಒರೆಸಿದ್ದು ಹನ್ನೊಂದೇ. ಉಳಿದದ್ದನ್ನು ನಾಳೆ ನೋಡಿಕೊಳ್ಳುತ್ತೇನೆ ಅಂತ ಹೇಳಿ, ಕೋಟು ಗೂಟಕ್ಕೆ ಹಾಕಿ, ಹಗಲು ಹೊತ್ತಿನಲ್ಲೇ ಅಣ್ಣನ ಮನೆಗೆ ಹೊರಟಳು.

ಅಣ್ಣ ಇನ್ನೂ ಅದೇ ಸಾಲುಮನೆಯಲ್ಲಿದ್ದ. ಮಿಲ್ಲು ಮುಚ್ಚಿ ವರ್ಷವಾಗಿ ಬೀದಿಯೇ ಬಿಕೋ ಅನ್ನುತ್ತಿತ್ತು. ಅದಕ್ಕೇ ಏನೋ, ಅವನ ದನಿ ಅವಳಿಗೆ ನಲ್ಲಿಕಟ್ಟೆಯ ಹತ್ತಿರವೇ ಕೇಳಿಸಿತು. ಮೊದಲು ಅವಳಿಗೆ ನಂಬಿಕೆ ಬರಲಿಲ್ಲ. ಹತ್ತಿರ ಹೋದಳು. ಹೌದು, ಅವನದೇ. ಹದಿನಾಲ್ಕು ವರ್ಷದಲ್ಲಿ ಸ್ವಲ್ಪ ಒಡೆದಿತ್ತು, ಆದರೆ ಅದೇ ದನಿ, ಬೀದಿ ತುಂಬ. ಒಳಗೆ ಅವನೂ ಹಳೆಯ ಮಗ್ಗದವರು ಮೂವರೂ ಇಸ್ಪೀಟು ಆಡುತ್ತಿದ್ದರು. ಒಬ್ಬನ ಮೋಸ ಒಬ್ಬ ಹಿಡಿದು ಬೈಯುತ್ತಿದ್ದರು.

"ಎಲೆ ಮುಚ್ಕೊಂಡು ಕೂತಿದ್ದೀಯಲ್ಲೋ ಕಳ್ಳ ನನ್ನ ಮಗನೇ!"

"ನಿನ್ನ ಕಿವಿ ಮಂದ ಅಂತ ಗೊತ್ತಿತ್ತು, ಕಣ್ಣೂ ಹೋಯ್ತಾ? ಆಗಲೇ ಹಾಕಿದೆ!"

ನಗು. ಆಮೇಲೆ ಅಣ್ಣನ ದನಿ, ಇನ್ನೂ ಎತ್ತರಕ್ಕೆ. "ನಮ್ಮ ಗುಬ್ಬಿ ಹತ್ರ ಕಳಿಸ್ತೀನಿ ನಿನ್ನ! ಆ ಬಂಗಲೇಲಿ ಮಂತ್ರಿ ಬರಲಿ, ಮಹಾರಾಜ ಬರಲಿ, ಅವಳು ಬೆರಳೆತ್ತಿದ್ರೆ ಬಾಯಿ ಬಂದ್! ಹುಡುಗಾಟ ಅಂದ್ಕೊಂಡಿದ್ದೀಯಾ? ನಾನು ಬೆಳೆಸಿದ ಹುಡುಗಿ ಅವಳು!"

ಉಶ್ಶಕ್ಕ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟಳು. ಆವತ್ತು ಬಂಗಲೆಯ ಬಾಗಿಲಲ್ಲಿ ನಿಂತು ಅವನು ಹೇಳಿದ್ದೂ ಇದೇ ಮಾತು. ಅದೇ ಮಾತಿಗೆ ಅವಳು ಪುಟ ತೋರಿಸಿದ್ದಳು. ಅವನು ಆ ಮಾತನ್ನು ಬಿಟ್ಟಿರಲಿಲ್ಲ. ಅವಳ ಎದುರಿಗೆ ಆಡುವುದನ್ನು ಮಾತ್ರ ಬಿಟ್ಟಿದ್ದ.

ಅತ್ತಿಗೆ ಹೊರಗೆ ನೀರು ಚೆಲ್ಲಲು ಬಂದವಳು ಅವಳನ್ನು ಕಂಡಳು. "ಅರೆ, ಇಲ್ಲಿ ಯಾಕೆ ನಿಂತಿದ್ದೀ? ಬಾ ಒಳಗೆ. ನೋಡಿ ಇಲ್ಲಿ, ಯಾರು ಬಂದಿದ್ದಾರೆ!"

ಅವಳು ಹೊಸಿಲು ದಾಟಿದಳು. ಅಣ್ಣ ತಲೆ ಎತ್ತಿದ. ಬಾಯಲ್ಲಿದ್ದ ಮಾತು ಅಲ್ಲೇ ನಿಂತಿತು, ಕರೆಂಟು ಹೋದಾಗ ಮಗ್ಗ ನಿಲ್ಲುವ ಹಾಗೆ. ಉಳಿದ ಮೂವರೂ ಅವನ ಮುಖ ನೋಡಿ ಎಲೆ ಕೆಳಗಿಟ್ಟರು, ಏನೋ ನೆಪ ಹೇಳಿ ಎದ್ದು ಹೋದರು. ಅಣ್ಣ ನಗುತ್ತ ಚಾಪೆ ತೋರಿಸಿದ. ಎರಡು ಬೆರಳು ಬಾಯಿಗಿಟ್ಟು ಊಟ ಆಯ್ತಾ ಅಂತ ಕೇಳಿದ.

"ಅಣ್ಣಾ," ಅಂದಳು. "ಆವತ್ತು ಬಂಗಲೇಲಿ ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು."

ಅವನು ಕಿವಿಯ ಹಿಂದೆ ಅಂಗೈ ಇಟ್ಟ. ಈಗ ಕಿವಿ ಪೂರ್ತಿ ಹೋಗಿತ್ತು. ತುಟಿಯನ್ನಾದರೂ ಓದೋಣವೆಂದರೆ ಅವಳ ತುಟಿ ನಡುಗುತ್ತಿತ್ತು, ಯಾವ ಮಾತೂ ಮೂಡಲಿಲ್ಲ. ಗಟ್ಟಿಯಾಗಿ ಹೇಳಲು ನೋಡಿದಳು. ಇಪ್ಪತ್ತಮೂರು ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ಗಂಟಲು ಅಭ್ಯಾಸ ಬಿಟ್ಟುಹೋಗಿತ್ತು. ಊರವರ ಬಾಯಿ ಮುಚ್ಚಿಸಿದವಳಿಗೆ ಬೇಕಾದಾಗ ತನ್ನ ಬಾಯಿ ಬರಲಿಲ್ಲ.

ಕೊನೆಗೆ ಕೈ ಎತ್ತಿದಳು. ಶೆಡ್ಡಿನ ಕೈಮಾತಿನಲ್ಲಿ ಕ್ಷಮಿಸು ಅನ್ನುವುದಕ್ಕೆ ಗುರುತು ಇಲ್ಲ. ಇನ್ನೂರು ಮಗ್ಗದ ಮಧ್ಯೆ ಯಾರಿಗೂ ಅದಕ್ಕೆ ಪುರುಸೊತ್ತಿರಲಿಲ್ಲ. ಗೊತ್ತಿದ್ದದ್ದರಲ್ಲಿ ಹತ್ತಿರದ್ದನ್ನು ಹುಡುಕಿದಳು. ಎರಡು ತೋರುಬೆರಳು ಕೂಡಿಸಿ ಫಟ್ಟನೆ ಬೇರೆ ಮಾಡಿದಳು. ನೂಲು ಕಡಿಯಿತು. ಆಮೇಲೆ ತನ್ನ ಎದೆ ಮುಟ್ಟಿ ತೋರಿಸಿದಳು. ನನ್ನ ಕೈಯಿಂದ.

ಅಣ್ಣ ಅವಳ ಬೆರಳುಗಳನ್ನೇ ನೋಡಿದ. ಯಾವ ನೂಲು, ಯಾವಾಗ ಅಂತ ಕೇಳಲಿಲ್ಲ. ಅವನ ಎರಡು ಅಂಗೈಗಳು, ಒಂದರಲ್ಲಿ ಮಗ್ಗದ ಲಾಳಿ ತಗುಲಿದ ಹಳೆಯ ಗಾಯದ ಗುರುತು, ಮೆಲ್ಲಗೆ ಒಂದರ ಮೇಲೊಂದು ಮುಂದಕ್ಕೆ ಉರುಳಿದವು. ಅದು ಆಗಲೇ ಬಟ್ಟೆಯೊಳಗೆ ಹೋಯಿತು. ಸುತ್ತಿಕೊಂಡು ಮುಂದೆ ಹೋಗು.

ಅವಳು ಅತ್ತಳು. ಅತ್ತಿಗೆ ಗಾಬರಿಯಾಗಿ ನೀರು ತಂದಳು. ಅಳು ಇಳಿದ ಮೇಲೆ ಉಶ್ಶಕ್ಕ ಅವನ ಮಂಡಿ ಹಿಡಿದು ತುಟಿ ಅಗಲಿಸಿ ಹೇಳಿದಳು. "ಮಾತಾಡಣ್ಣಾ. ಮೊದಲಿನ ಹಾಗೆ ಕರಿ ನನ್ನ."

ಅದು ಅವನಿಗೆ ತಿಳಿಯಿತು. ಬಾಯಿ ತೆರೆದ. ಒಳಗಿನಿಂದ ಏನೋ ಎದ್ದು ಬರುವ ಹಾಗೆ ಎದೆಯೂ ಏರಿತು. ಅಷ್ಟರಲ್ಲಿ ಅವನಿಗೇ ಗೊತ್ತಿಲ್ಲದೆ ಕೈ ಕಾಲರಿನ ಹತ್ತಿರ ಹೋಯಿತು. ಏರಿದ ಎದೆ ಇಳಿಯಿತು. ಆಮೇಲೆ ಬಹಳ ಜಾಗ್ರತೆಯಿಂದ, ಗಾಜಿನ ಲೋಟಗಳ ಪಕ್ಕ ನಿಂತವರ ಹಾಗೆ, ಪಿಸುಗುಟ್ಟಿದ.

"ಗುಬ್ಬೀ, ಟೀ ಕುಡೀತೀಯಾ?"

ಅವನು ಸುಮ್ಮನೇ ಇದ್ದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ಹ್ಞೂಂ," ಅಂದಳು. ಕುಡಿದಳು. ಅವನು ಊದಿ ಕುಡಿಯಲಿ ಅಂತ ತಾನೇ ಮೊದಲು ಜೋರಾಗಿ ಊದಿದಳು. ಅವನು ನಕ್ಕ, ಆದರೆ ಆರುವ ತನಕ ಕಾದ.

ಉಶ್ಶಕ್ಕ ಅದಾದ ಮೇಲೂ ಎರಡು ವರ್ಷ ಬಂಗಲೆಯಲ್ಲಿ ಕೆಲಸ ಮಾಡಿದಳು. ಬೆರಳು ತುಟಿಗೆ ಹೋಗುವುದು ಕಡಿಮೆಯಾಯಿತು. ಗಲಾಟೆ ಮಾಡುವವರ ಹತ್ತಿರ ಎದ್ದು ಹೋಗಿ, ಪಕ್ಕಕ್ಕೆ ಕರೆದು, "ಆ ಲೋಟ ಬಹಳ ತೆಳು ಕಣಪ್ಪಾ, ಅದಕ್ಕೆ ಹೆದರಿಕೆ ಆಗತ್ತೆ" ಅನ್ನುತ್ತಿದ್ದಳು. ಮನೆಯಲ್ಲಿ ಪುಟದ ಪಾಠ ನಿಂತುಹೋಗಿತ್ತು. ಬೀಗದವನು ಬಿಸಿ ಟೀಯನ್ನು ಸೊರ್ ಅಂತ ಎಳೆದು ಕುಡಿದು ಅವಳ ಮುಖ ನೋಡುತ್ತಿದ್ದ, ಏನಾದರೂ ಅನ್ನಲಿ ಅಂತ. ಅವಳು ಅವನ ಲೋಟಕ್ಕೆ ಇನ್ನಷ್ಟು ಬಗ್ಗಿಸುತ್ತಿದ್ದಳು.

ಕೆಲಸ ಬಿಟ್ಟ ಮೇಲೂ ಪ್ರತಿ ಸೋಮವಾರ ಮಧ್ಯಾಹ್ನ ಅಣ್ಣನ ಮನೆಗೆ ಹೋಗುತ್ತಾಳೆ. ಇಸ್ಪೀಟಿನ ಹೊತ್ತು ನೋಡಿಕೊಂಡೇ ಹೋಗುತ್ತಾಳೆ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಲ್ಲುತ್ತಾಳೆ. ಒಳಗೆ ಅಣ್ಣ ಕೂಗುತ್ತಿರುತ್ತಾನೆ, ಬೈಯುತ್ತಿರುತ್ತಾನೆ, ಕೆಲವೊಮ್ಮೆ ಗುಬ್ಬಿ ಅನ್ನುವ ಹೆಸರೂ ಬೀದಿಗೆ ಬಂದು ಬೀಳುತ್ತದೆ. ತಾನು ಒಳಗೆ ಹೋದ ಕೂಡಲೇ ಅದು ನಿಲ್ಲುತ್ತದೆ ಅಂತ ಅವಳಿಗೆ ಗೊತ್ತು.

ಅತ್ತಿಗೆಗೂ ಈಗ ಗೊತ್ತು. ಆದರೂ ಬಾಗಿಲಿಗೆ ಬಂದು ಕರೆಯುತ್ತಾಳೆ. "ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ತೀಯೇ? ಬಾ ಒಳಗೆ."

"ಇರಿ ಅತ್ತಿಗೆ," ಅನ್ನುತ್ತಾಳೆ ಅವಳು. "ಈ ಆಟ ಒಂದು ಮುಗೀಲಿ."